ಕಡಲು ದಾಟಿದ ಕಾಗದಗಳು: ಮಾರಿಷಸ್ ದ್ವೀಪದ ಮೊದಲ ಅಂಚೆಚೀಟಿಗಳ ವೃತ್ತಾಂತ

ಅಂಚೆಚೀಟಿಯೆಂಬುದು ಸರಕಾರವು ಕೊಡುವ ಒಂದು ರಸೀದಿ. ಈ ಪತ್ರದ ಹಾಸಲು ಸಂದಾಯವಾಗಿದೆಯೆಂದು ಅದು ಮಾರ್ಗದುದ್ದಕ್ಕೂ ಸಾರಿ ಹೇಳುತ್ತದೆ. ಪತ್ರಕ್ಕೆ ಮೊಹರು ಬಿದ್ದೊಡನೆ ಅದರ ಆಯುಷ್ಯ ಮುಗಿಯುತ್ತದೆ. ಹೀಗೆ ಆಯುಷ್ಯ ಮುಗಿದ, ಹೆಬ್ಬೆರಳಿನ ಅಗಲದ ಕಾಗದದ ಚೂರಿಗೆ ಲೋಕದಲ್ಲಿ ಕೆಲವರು ಕೋಟ್ಯಂತರ ರೂಪಾಯಿಗಳನ್ನು ತೆತ್ತರೆಂದು ಕೇಳಿದಾಗ ವಿದ್ಯಾರ್ಥಿಗಳು ಬೆರಗಾಗುವುದು ಸಹಜ. ಪೋಷಕರು ನಗುವುದೂ ಸಹಜವೇ. ಆದರೆ ಆ ಬೆಲೆಯ ಹಿಂದೆ ಒಂದು ಇತಿಹಾಸವಿದೆ. ಅದನ್ನು ಅರಿತುಕೊಂಡರೆ ಭೂಗೋಳ, ಚರಿತ್ರೆ, ಅರ್ಥಶಾಸ್ತ್ರ ಎಂದು ನಾವು ಬೇರೆ ಬೇರೆ ಗಂಟೆಗಳಲ್ಲಿ ಓದುವ ಪಾಠಗಳು ಒಂದೇ ಲಕೋಟೆಯ ಮೇಲೆ ಕೂಡಿ ಬರುವುದನ್ನು ಕಾಣಬಹುದು. ಆದುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿಯೇ ವಿವರಿಸಲು ಯತ್ನಿಸುತ್ತೇನೆ.

ಚೀಟಿ ಹುಟ್ಟುವುದಕ್ಕೆ ಮುಂಚೆ

ಅಂಚೆಯ ವ್ಯವಸ್ಥೆ ಬಹು ಪ್ರಾಚೀನವಾದದ್ದು. ಅಂಚೆಚೀಟಿ ಮಾತ್ರ ಇತ್ತೀಚಿನದು. ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನಲ್ಲಿ ಪತ್ರದ ಹಾಸಲನ್ನು ಸಾಮಾನ್ಯವಾಗಿ ಕಳುಹಿಸುವವನು ಕೊಡುತ್ತಿರಲಿಲ್ಲ, ಪಡೆಯುವವನು ಕೊಡುತ್ತಿದ್ದನು. ದೂರವನ್ನೂ ಹಾಳೆಗಳ ಸಂಖ್ಯೆಯನ್ನೂ ಲೆಕ್ಕಹಾಕಿ ದರವನ್ನು ಗೊತ್ತುಮಾಡುತ್ತಿದ್ದರು. ದರ ಎಷ್ಟು ಭಾರವಾಗಿತ್ತೆಂದರೆ, ದೂರದಲ್ಲಿದ್ದ ಮಗನ ಪತ್ರ ಬಂದರೆ ಅದನ್ನು ಬಿಡಿಸಿಕೊಳ್ಳುವುದು ಬಡವರಿಗೆ ಕಷ್ಟವಾಗುತ್ತಿತ್ತು. ಪತ್ರವನ್ನು ನಿರಾಕರಿಸಿದರೆ ಅದನ್ನು ಅಷ್ಟು ದೂರ ಹೊತ್ತು ತಂದ ಸರಕಾರಕ್ಕೆ ನಷ್ಟ.

೧೮೩೭ರಲ್ಲಿ ರೋಲೆಂಡ್ ಹಿಲ್ ಎಂಬವರು ಈ ಪದ್ಧತಿಯನ್ನು ಪರೀಕ್ಷಿಸಿ ಒಂದು ಕಿರುಹೊತ್ತಗೆಯನ್ನು ಬರೆದರು. ಪತ್ರವನ್ನು ಊರಿಂದೂರಿಗೆ ಒಯ್ಯುವ ವೆಚ್ಚ ಅತ್ಯಲ್ಪ. ಲೆಕ್ಕ ಬರೆಯುವುದಕ್ಕೂ ಮನೆಬಾಗಿಲಲ್ಲಿ ನಿಂತು ಹಣ ವಸೂಲು ಮಾಡುವುದಕ್ಕೂ ಆಗುವ ವೆಚ್ಚವೇ ಹೆಚ್ಚು ಎಂಬುದನ್ನು ಅವರು ಅಂಕಿಗಳಿಂದ ತೋರಿಸಿಕೊಟ್ಟರು. ದೂರವೆಷ್ಟೇ ಇರಲಿ, ಅರ್ಧ ಔನ್ಸು ತೂಕದ ಪತ್ರಕ್ಕೆ ಒಂದೇ ಒಂದು ಪೆನ್ನಿ ದರವಿರಲಿ, ಅದನ್ನು ಕಳುಹಿಸುವವನೇ ಮುಂಗಡವಾಗಿ ಕೊಡಲಿ ಎಂಬುದು ಅವರ ಸಲಹೆ. ಅದರ ಫಲವಾಗಿ ೧೮೪೦ರ ಮೇ ತಿಂಗಳಲ್ಲಿ ರಾಣಿ ವಿಕ್ಟೋರಿಯಾಳ ಮುಖವಿರುವ ಕಪ್ಪು ಬಣ್ಣದ ಒಂದು ಪೆನ್ನಿಯ ಚೀಟಿ ಹೊರಬಂದಿತು. ಜಗತ್ತಿನ ಪ್ರಥಮ ಅಂಚೆಚೀಟಿ ಅದೇ.

ಇಲ್ಲಿ ವಿದ್ಯಾರ್ಥಿಗಳು ಒಂದು ಮಾತನ್ನು ಗಮನಿಸಬೇಕು. ಆ ಕಪ್ಪು ಪೆನ್ನಿ ಚೀಟಿ ಲೋಕದಲ್ಲೇ ಅತ್ಯಂತ ಹಳೆಯದಾದರೂ ಅತ್ಯಂತ ಅಪರೂಪದ್ದಲ್ಲ. ಅದನ್ನು ಆರು ಕೋಟಿ ಎಂಬತ್ತು ಲಕ್ಷದಷ್ಟು ಮುದ್ರಿಸಿದ್ದರು. ಇಂದಿಗೂ ಸಾಕಷ್ಟು ಉಳಿದಿವೆ. ಹಳತೆಂದ ಮಾತ್ರಕ್ಕೆ ವಸ್ತು ದುರ್ಲಭವಾಗುವುದಿಲ್ಲ. ಎಷ್ಟು ಹುಟ್ಟಿತು, ಎಷ್ಟು ಉಳಿಯಿತು, ಯಾವ ಸ್ಥಿತಿಯಲ್ಲಿ ಉಳಿಯಿತು ಎಂಬುದರಿಂದ ದುರ್ಲಭತೆ ನಿರ್ಣಯವಾಗುತ್ತದೆ.

ಸಾವಿರ ಚೀಟಿಗಳ ದ್ವೀಪ

ಹಿಂದೂ ಮಹಾಸಾಗರದ ನೈಋತ್ಯ ಭಾಗದಲ್ಲಿ, ಮಡಗಾಸ್ಕರಿಗೆ ಪೂರ್ವದಲ್ಲಿ, ಮಾರಿಷಸ್ ಎಂಬ ಚಿಕ್ಕ ದ್ವೀಪವಿದೆ. ಮೊದಲು ಫ್ರೆಂಚರ ವಶದಲ್ಲಿದ್ದ ಆ ದ್ವೀಪವನ್ನು ೧೮೧೦ರಲ್ಲಿ ಆಂಗ್ಲರು ಗೆದ್ದುಕೊಂಡರು. ರಾಜಧಾನಿಯಾದ ಪೋರ್ಟ್ ಲೂಯಿಯ ರೇವು ಯೂರೋಪು, ಆಫ್ರಿಕಾ, ಇಂಡಿಯಾಗಳ ನಡುವಿನ ಹಡಗುಗಳಿಗೆ ತಂಗುದಾಣವಾಗಿತ್ತು. ಕಬ್ಬಿನ ಬೇಸಾಯವೂ ಸಕ್ಕರೆಯ ವ್ಯಾಪಾರವೂ ಅಲ್ಲಿಯ ಜೀವಾಳ. ವ್ಯಾಪಾರವಿದ್ದಲ್ಲಿ ಪತ್ರವ್ಯವಹಾರವಿರಲೇಬೇಕಷ್ಟೆ. ಆದುದರಿಂದ ೧೮೪೭ರ ಸೆಪ್ಟೆಂಬರದಲ್ಲಿ ಆ ದ್ವೀಪದ ಸರಕಾರವು ತನ್ನದೇ ಆದ ಅಂಚೆಚೀಟಿಗಳನ್ನು ಹೊರಡಿಸಿತು. ಬ್ರಿಟಿಷ್ ವಸಾಹತು ಸರಕಾರವೊಂದು ಹೊರಡಿಸಿದ ಚೀಟಿಗಳಲ್ಲಿ ಇವೇ ಮೊದಲಿನವು.

ಚೀಟಿಗಳನ್ನು ಲಂಡನ್ನಿನಿಂದ ತರಿಸಲಿಲ್ಲ, ಸ್ಥಳದಲ್ಲೇ ಮಾಡಿಸಿದರು. ಈ ಕೆಲಸ ಜೋಸೆಫ್ ಆಸ್ಮಂಡ್ ಬಾರ್ನಾರ್ಡ್ ಎಂಬ ಕೆತ್ತನೆಗಾರನ ಪಾಲಿಗೆ ಬಂದಿತು. ಈತನು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಊರಿನವನು. ೧೮೩೮ರಲ್ಲಿ ಟಿಕೆಟ್ಟಿಲ್ಲದೆ ಹಡಗಿನಲ್ಲಿ ಅಡಗಿಕೊಂಡು ಬರುತ್ತಿದ್ದಾಗ ಸಿಕ್ಕಿಬಿದ್ದು, ಈ ದ್ವೀಪದಲ್ಲಿ ಇಳಿಸಲ್ಪಟ್ಟವನು. ಚಿಕ್ಕ ಚಿತ್ರಗಳನ್ನು ಬರೆಯುವುದೂ ಲೋಹದ ಮೇಲೆ ಕೆತ್ತುವುದೂ ಅವನ ಜೀವನೋಪಾಯ. ಒಂದು ಚಿಕ್ಕ ತಾಮ್ರದ ತಗಡಿನ ಮೇಲೆ ಒಂದು ಪೆನ್ನಿಯ ಚಿತ್ರವನ್ನೂ ಎರಡು ಪೆನ್ಸಿನ ಚಿತ್ರವನ್ನೂ ಅವನು ಕೆತ್ತಿದನು. ನಡುವೆ ರಾಣಿಯ ಮುಖ. ಮೇಲೆ 'ಪೋಸ್ಟೇಜ್', ಬಲಕ್ಕೆ 'ಮಾರಿಷಸ್', ಕೆಳಗೆ ಬೆಲೆ, ಎಡಕ್ಕೆ 'ಪೋಸ್ಟ್ ಆಫೀಸ್' ಎಂಬ ಅಕ್ಷರಗಳು. ರಾಣಿಯ ಕೊರಳಿನ ಅಂಚಿನಲ್ಲಿ ತನ್ನ ಹೆಸರಿನ ಮೊದಲಕ್ಷರಗಳನ್ನೂ ಸೂಕ್ಷ್ಮವಾಗಿ ಸೇರಿಸಿದನು. ತಗಡಿನಲ್ಲಿ ಪ್ರತಿಯೊಂದು ಬೆಲೆಗೂ ಒಂದೇ ಚಿತ್ರವಿದ್ದುದರಿಂದ ಚೀಟಿಗಳನ್ನು ಒಂದೊಂದಾಗಿ ಅಚ್ಚೊತ್ತಬೇಕಾಯಿತು. ಕಿತ್ತಳೆಗೆಂಪು ಬಣ್ಣದ ಒಂದು ಪೆನ್ನಿಯ ಚೀಟಿಗಳು ಐನೂರು, ಕಡುನೀಲಿ ಬಣ್ಣದ ಎರಡು ಪೆನ್ಸಿನ ಚೀಟಿಗಳು ಐನೂರು. ಒಟ್ಟಿಗೆ ಒಂದು ಸಾವಿರ.

ಆಗ ಮಾರಿಷಸ್ಸಿನ ಗವರ್ನರರಾಗಿದ್ದವರು ಸರ್ ವಿಲಿಯಂ ಗಾಮ್. ಅವರ ಪತ್ನಿ ಆ ತಿಂಗಳ ಕೊನೆಯಲ್ಲಿ ಒಂದು ವೇಷಭೂಷಣದ ನೃತ್ಯಕೂಟವನ್ನು ಏರ್ಪಡಿಸಿದ್ದರು. ಅದರ ಆಮಂತ್ರಣದ ಲಕೋಟೆಗಳಿಗೆ ಹೊಸ ಒಂದು ಪೆನ್ನಿಯ ಚೀಟಿಗಳನ್ನು ಅಂಟಿಸಿದರು. ಅಂತಹ ಮೂರು ಲಕೋಟೆಗಳು ಮಾತ್ರ ಇಂದಿಗೆ ಉಳಿದಿವೆ. ಒಟ್ಟು ಸಾವಿರ ಚೀಟಿಗಳಲ್ಲಿ ಈಗ ಜಗತ್ತಿನಲ್ಲಿ ತಿಳಿದಿರುವುವು ಎರಡೂ ಬಗೆಗಳು ಸೇರಿ ಇಪ್ಪತ್ತೇಳರಷ್ಟು. ಉಳಿದವುಗಳು ಕಸದಬುಟ್ಟಿಗೂ ಒಲೆಗೂ ಗೆದ್ದಲಿಗೂ ಆಹುತಿಯಾದುವೆಂದು ಊಹಿಸಬಹುದು.

ಒಂದು ಕಟ್ಟುಕಥೆ

ಈ ಚೀಟಿಗಳ ವಿಷಯವಾಗಿ ಒಂದು ಸ್ವಾರಸ್ಯವಾದ ಕಥೆ ಹಬ್ಬಿದೆ. ಬಾರ್ನಾರ್ಡನು ಕಣ್ಣು ಮಸುಕಾದ ಮುದಿ ಗಡಿಯಾರಗಾರನಂತೆ. ಎಡಪಕ್ಕದಲ್ಲಿ ಏನು ಕೆತ್ತಬೇಕೆಂಬುದು ಮರೆತುಹೋಗಿ ಅಂಚೆಯ ಅಧಿಕಾರಿಯನ್ನು ಕೇಳಲು ಹೊರಟನಂತೆ. ಕಚೇರಿಯ ಮುಂದಿನ ಹಲಗೆಯ ಮೇಲೆ 'ಪೋಸ್ಟ್ ಆಫೀಸ್' ಎಂದಿರುವುದನ್ನು ಕಂಡು, ಇದೇ ಸರಿಯೆಂದು ಹಿಂದಿರುಗಿ ಹಾಗೆಯೇ ಕೆತ್ತಿಬಿಟ್ಟನಂತೆ. ಮರುವರ್ಷದ ಚೀಟಿಗಳಲ್ಲಿ 'ಪೋಸ್ಟ್ ಪೇಯ್ಡ್', ಎಂದರೆ ಹಾಸಲು ಸಂದಿದೆ, ಎಂದು ಇರುವುದರಿಂದ ಈ ಕಥೆಗೆ ಬಲ ಬಂದಿತು.

ಆದರೆ ಸಂಶೋಧಕರು ಇದನ್ನು ಒಪ್ಪುವುದಿಲ್ಲ. ಬಾರ್ನಾರ್ಡನು ಕುರುಡನೂ ಅಲ್ಲ, ಮುದುಕನೂ ಅಲ್ಲ, ಗಡಿಯಾರಗಾರನೂ ಅಲ್ಲ. ಆಗ ಅವನು ಮೂವತ್ತರ ಆಸುಪಾಸಿನ ಯುವಕ. ಅದಕ್ಕೆ ಮುಂಚೆಯೇ ಆ ದ್ವೀಪದ ಅಂಚೆಯ ಮೊಹರುಗಳಲ್ಲಿ 'ಪೋಸ್ಟ್ ಆಫೀಸ್' ಎಂಬ ಅಕ್ಷರಗಳಿದ್ದುವು. ಅದೇ ೧೮೪೭ರಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳು ಹೊರಡಿಸಿದ ಮೊದಲ ಚೀಟಿಗಳ ಮೇಲೂ ಅದೇ ಮಾತುಗಳಿವೆ. ಕಥೆ ರುಚಿಯಾಗಿದೆಯೆಂದು ಅದು ಸತ್ಯವಾಗಲಾರದು. ಬಾಯಿಂದ ಬಾಯಿಗೆ ಬಂದದ್ದನ್ನು ಕಾಗದಪತ್ರದ ಸಾಕ್ಷ್ಯದೊಡನೆ ತಾಳೆ ನೋಡುವ ಅಭ್ಯಾಸವನ್ನು ವಿದ್ಯಾರ್ಥಿಗಳು ಇಂತಹ ಚಿಕ್ಕ ವಿಷಯಗಳಿಂದಲೇ ರೂಢಿಸಿಕೊಳ್ಳಬೇಕು.

ಸಮುದ್ರದಾಚೆಗೆ ಪತ್ರ ಹೋಗುತ್ತಿದ್ದ ಬಗೆ

ಇಂದು ನಾವು ನಮ್ಮ ಊರಿನ ಅಂಚೆಕಚೇರಿಯಲ್ಲಿ ಒಮ್ಮೆ ಹಣ ಕೊಟ್ಟರೆ ಪತ್ರವು ಯಾವ ದೇಶಕ್ಕೆ ಬೇಕಾದರೂ ತಲಪುತ್ತದೆ. ಅಂದು ಹಾಗಿರಲಿಲ್ಲ. ಪ್ರತಿಯೊಂದು ರಾಜ್ಯದ ಅಂಚೆಯೂ ತನ್ನ ಪಾಲನ್ನು ಬೇರೆಯಾಗಿ ಕೇಳುತ್ತಿತ್ತು. ಹೊರಡುವ ನಾಡಿನ ಒಳಹಾಸಲು ಒಂದು, ಹಡಗಿನ ಹಾಸಲು ಇನ್ನೊಂದು, ನಡುವೆ ದಾಟುವ ದೇಶದ ಪಾಲು ಮತ್ತೊಂದು, ಮುಟ್ಟುವ ನಾಡಿನ ಹಾಸಲು ಮಗದೊಂದು. ಕಳುಹಿಸುವವನು ಅಂಟಿಸಿದ ಚೀಟಿ ಅನೇಕ ವೇಳೆ ಮೊದಲ ಭಾಗಕ್ಕೆ ಮಾತ್ರ ಸಾಕಾಗುತ್ತಿತ್ತು. ಉಳಿದುದನ್ನು ಪಡೆಯುವವನು ಕೊಡಬೇಕಿತ್ತು. ಆದುದರಿಂದಲೇ ಅಂದಿನ ಲಕೋಟೆಗಳ ಮೇಲೆ ಮೊಹರಿನ ಮೇಲೆ ಮೊಹರು, ಬಾಕಿಯ ಅಂಕಿಗಳು, ತಾರೀಖುಗಳು ತುಂಬಿಕೊಂಡಿರುತ್ತವೆ. ಬಲ್ಲವರು ಅವನ್ನು ಓದಿ ಪತ್ರವು ಎಂದು ಹೊರಟಿತು, ಯಾವ ರೇವನ್ನು ಮುಟ್ಟಿತು, ಎಲ್ಲಿ ಎಷ್ಟು ತೆತ್ತಿತು ಎಂಬುದನ್ನೆಲ್ಲ ಹೇಳಬಲ್ಲರು. ಸೂಯೆಜ್ ಕಾಲುವೆ ತೆರೆದದ್ದು ೧೮೬೯ರಲ್ಲಿ. ಅದಕ್ಕೆ ಮುಂಚೆ ಮಾರಿಷಸ್ಸಿನಿಂದ ಯೂರೋಪಿಗೆ ಹೊರಟ ಹಾಯಿಹಡಗು ಆಫ್ರಿಕಾ ಖಂಡದ ತುದಿಯನ್ನು ಬಳಸಿಕೊಂಡೇ ಹೋಗಬೇಕಾಗಿತ್ತು. ಪತ್ರವೊಂದು ತಿಂಗಳುಗಟ್ಟಲೆ ಸಮುದ್ರದ ಮೇಲೆಯೇ ಇರುತ್ತಿತ್ತು.

ಬೋರ್ಡೋ ಪತ್ರ ಮತ್ತು ಬೊಂಬಾಯಿ ಪತ್ರ

ಮಾರಿಷಸ್ಸಿನ ಆ ಮೊದಲ ಚೀಟಿಗಳನ್ನು ಹೊತ್ತು ಕಡಲು ದಾಟಿದ ಎರಡು ಪತ್ರಗಳು ಬಹು ಪ್ರಖ್ಯಾತವಾಗಿವೆ.

ಮೊದಲನೆಯದು ೧೮೪೭ರ ಅಕ್ಟೋಬರದಲ್ಲಿ, ಚೀಟಿಗಳು ಹೊರಬಂದ ಎರಡೇ ವಾರಗಳಲ್ಲಿ, ಪೋರ್ಟ್ ಲೂಯಿಯಿಂದ ಹೊರಟು ಇಂಗ್ಲೆಂಡಿನ ಮಾರ್ಗವಾಗಿ ಫ್ರಾನ್ಸಿನ ಬೋರ್ಡೋ ನಗರದ ದ್ರಾಕ್ಷಾರಸದ ವ್ಯಾಪಾರಿಗಳಿಗೆ ಹೋಯಿತು. ಅದರ ಮೇಲೆ ಕೆಂಪು, ನೀಲಿ ಎರಡು ಚೀಟಿಗಳೂ ಪಕ್ಕಪಕ್ಕದಲ್ಲಿವೆ. ಎರಡೂ ಬಗೆಯ ಚೀಟಿಗಳು ಒಟ್ಟಿಗಿರುವ ಲಕೋಟೆ ಲೋಕದಲ್ಲಿ ಇದೊಂದೇ. ಅದು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಆ ಅಂಗಡಿಯ ಹಳೆಯ ಕಡತದಲ್ಲಿ ಮಲಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬನು ಹಳೆಯ ಕಾಗದಗಳನ್ನು ಕೆದಕುತ್ತಿದ್ದಾಗ ಅವನ ಕಣ್ಣಿಗೆ ಬಿದ್ದಿತು. ೧೯೯೩ರಲ್ಲಿ ಅದು ಐವತ್ತೇಳೂವರೆ ಲಕ್ಷ ಸ್ವಿಸ್ ಫ್ರಾಂಕುಗಳಿಗೆ ಮಾರಾಟವಾಯಿತು. ಮೂರು ಪೆನ್ಸಿನ ಚೀಟಿಗಳಿಗೆ ಬಂದ ಬೆಲೆ ಅದು!

ಎರಡನೆಯ ಪತ್ರ ನಮ್ಮ ದೇಶಕ್ಕೇ ಬಂದದ್ದು. ೧೮೫೦ರ ಜನವರಿಯಲ್ಲಿ ಮಾರಿಷಸ್ಸಿನಿಂದ ಬೊಂಬಾಯಿಯ ಬೈಬಲ್ ಸಂಘದ ಕಾರ್ಯದರ್ಶಿಗೆ ಬರೆದ ಆ ಪತ್ರದ ಮೇಲೆ ಒಂದು ಪೆನ್ನಿಯ ಎರಡು ಚೀಟಿಗಳಿವೆ. ಪತ್ರ ಬೊಂಬಾಯಿಯನ್ನು ಮುಟ್ಟಿತು, ಕೆಲಸ ಮುಗಿಯಿತು, ಎಲ್ಲರೂ ಮರೆತರು. ೧೮೯೭ರಲ್ಲಿ ಭಾರತದ ಒಂದು ಬಜಾರಿನಲ್ಲಿ ಅದು ಚೀಟಿಸಂಗ್ರಾಹಕನೊಬ್ಬನ ಕೈಗೆ ಸಿಕ್ಕಿತು. ೧೯೬೮ರಲ್ಲಿ ನ್ಯೂಯಾರ್ಕಿನ ಲಿಲಾವಿನಲ್ಲಿ ಅದಕ್ಕೆ ಮೂರು ಲಕ್ಷ ಎಂಬತ್ತು ಸಾವಿರ ಡಾಲರುಗಳು ಬಂದುವು; ಅಂದಿನ ಮಟ್ಟಿಗೆ ಅಂಚೆಯ ಸಂಗ್ರಹವಸ್ತುವೊಂದಕ್ಕೆ ಸಂದ ಅತ್ಯಧಿಕ ಬೆಲೆ ಅದೇ ಆಗಿತ್ತು. ಬಜಾರಿನಲ್ಲಿ ರದ್ದಿಯಾಗಿ ಪೊಟ್ಟಣ ಕಟ್ಟಲು ಹೋಗಬಹುದಾಗಿದ್ದ ಕಾಗದದ ಪಾಡು ಹೀಗಾಯಿತು.

ಈ ಚೀಟಿಗಳ ಮಹತ್ತ್ವವನ್ನು ಲೋಕಕ್ಕೆ ಮೊದಲು ತಿಳಿಸಿಕೊಟ್ಟವರೂ ಬೋರ್ಡೋ ನಗರದವರೇ. ೧೮೬೪ರ ಸುಮಾರಿಗೆ ಅಲ್ಲಿಯ ವ್ಯಾಪಾರಿಯೊಬ್ಬನ ಪತ್ನಿ ಶ್ರೀಮತಿ ಬೋರ್ಷಾರ್ ಎಂಬವರು ಗಂಡನ ಹಳೆಯ ಪತ್ರಗಳಲ್ಲಿ ಇವುಗಳನ್ನು ಕಂಡುಹಿಡಿದರು. ಇಂದು ಉಳಿದಿರುವ ಚೀಟಿಗಳಲ್ಲಿ ಹತ್ತಕ್ಕಿಂತ ಹೆಚ್ಚಿನವು ಆಕೆಯೊಬ್ಬರ ಶೋಧನೆಯ ಫಲ. ಆಗ ಅವಕ್ಕೆ ಅಂತಹ ಬೆಲೆಯೇನೂ ಇರಲಿಲ್ಲ; ಬೇರೆ ಚೀಟಿಗಳಿಗೆ ವಿನಿಮಯವಾಗಿ ಕೊಟ್ಟುಬಿಟ್ಟರು. ೧೯೦೪ರಲ್ಲಿ ಬ್ರಿಟನ್ನಿನ ಯುವರಾಜರು, ಮುಂದೆ ಐದನೆಯ ಜಾರ್ಜ್ ದೊರೆಯಾದವರು, ಬಳಸದ ನೀಲಿ ಚೀಟಿಯೊಂದನ್ನು ೧,೪೫೦ ಪೌಂಡುಗಳಿಗೆ ಕೊಂಡರು. ಯಾವನೋ ಮೂರ್ಖನು ಒಂದು ಚೀಟಿಗೆ ಇಷ್ಟು ಹಣ ತೆತ್ತಿದ್ದಾನೆ, ಕೇಳಿದಿರಾ ಎಂದು ಆಸ್ಥಾನಿಕನೊಬ್ಬನು ಅವರನ್ನೇ ಕೇಳಲು, ಆ ಮೂರ್ಖನು ನಾನೇ ಎಂದು ಅವರು ಉತ್ತರಿಸಿದರೆಂದು ಪ್ರತೀತಿ.

ಕುಲುಮೆಯಿಂದ ಬದುಕಿ ಬಂದ ಲಕೋಟೆ

ಇದೇ ಬಗೆಯ ಇನ್ನೊಂದು ವೃತ್ತಾಂತವು ಶಾಂತಸಾಗರದ ಹವಾಯಿ ದ್ವೀಪಗಳದು. ಆಗ ಅದೊಂದು ಸ್ವತಂತ್ರ ರಾಜ್ಯ. ೧೮೫೧ರಲ್ಲಿ ಅಲ್ಲಿ ಎರಡು, ಐದು, ಹದಿಮೂರು ಸೆಂಟುಗಳ ಚೀಟಿಗಳು ಹೊರಬಂದುವು. ಅಲ್ಲಿದ್ದ ಕ್ರೈಸ್ತ ಪಾದ್ರಿಗಳು ತಾಯ್ನಾಡಿಗೆ ಬರೆದ ಪತ್ರಗಳ ಮೇಲೆ ಹೆಚ್ಚಾಗಿ ದೊರೆತುದರಿಂದ ಇವಕ್ಕೆ 'ಮಿಷನರಿ ಚೀಟಿಗಳು' ಎಂಬ ಹೆಸರು ಬಂದಿತು. ಹದಿಮೂರು ಸೆಂಟಿನ ಲೆಕ್ಕವು ನಾನು ಮೇಲೆ ಹೇಳಿದ ಮಾತಿಗೆ ಒಳ್ಳೆಯ ಉದಾಹರಣೆ: ಐದು ಸೆಂಟು ಹವಾಯಿಯ ಅಂಚೆಗೆ, ಎರಡು ಸೆಂಟು ಹಡಗಿನ ಕಪ್ತಾನನಿಗೆ, ಆರು ಸೆಂಟು ಅಮೆರಿಕದ ಅಂಚೆಗೆ. ಮೂವರ ಪಾಲನ್ನೂ ಒಂದೇ ಚೀಟಿಯಲ್ಲಿ ಮುಂಗಡವಾಗಿ ವಸೂಲು ಮಾಡುವ ಈ ಏರ್ಪಾಡು ಅಂದಿಗೆ ಹೊಸದು.

ಈ ಪೈಕಿ ಎರಡು ಸೆಂಟಿನ ಚೀಟಿ ಬಲು ತೆಳುವಾದ ಕಾಗದದ್ದು. ಉಳಿದವು ಹದಿನೈದು ಹದಿನಾರು ಮಾತ್ರ. ಅದನ್ನು ಹೊತ್ತ ಲಕೋಟೆ ಒಂದೇ ಒಂದು. ೧೮೫೨ರಲ್ಲಿ ನ್ಯೂಯಾರ್ಕಿಗೆ ಹೋದ ಆ ಲಕೋಟೆಯನ್ನು ಮುಂದೆ ಯಾರೋ ಬೇರೆ ಕಾಗದಗಳೊಡನೆ ತೊಗಲು ಹದಮಾಡುವ ಕಾರಖಾನೆಯೊಂದರ ಕುಲುಮೆಗೆ ತುರುಕಿದರು. ಕಾಗದಗಳನ್ನು ಒತ್ತೊತ್ತಾಗಿ ತುಂಬಿದ್ದರಿಂದ ಗಾಳಿಯಾಡದೆ ಬೆಂಕಿ ನಂದಿಹೋಯಿತು. ದಶಕಗಳ ಬಳಿಕ, ೧೯೦೫ರಲ್ಲಿ, ಪಾಳುಬಿದ್ದ ಆ ಕುಲುಮೆಯನ್ನು ತೆರೆದಾಗ ಲಕೋಟೆಯು ಒಂದು ಅಂಚು ಮಾತ್ರ ಸುಟ್ಟು ಉಳಿದಿತ್ತು. ಉರಿಯಲು ಗಾಳಿ ಬೇಕೆಂಬ ವಿಜ್ಞಾನದ ಪಾಠಕ್ಕೆ ಇದಕ್ಕಿಂತ ದುಬಾರಿಯಾದ ನಿದರ್ಶನ ಸಿಕ್ಕಲಾರದು.

ನಮ್ಮ ದೇಶದ ಚೀಟಿಗಳು

ಏಷ್ಯಾ ಖಂಡದ ಮೊದಲ ಅಂಚೆಚೀಟಿಗಳು ಹುಟ್ಟಿದ್ದು ಅಂದಿನ ಸಿಂಧ್ ಪ್ರಾಂತದಲ್ಲಿ. ೧೮೫೨ರಲ್ಲಿ ಅಲ್ಲಿಯ ಕಮಿಷನರರಾದ ಬಾರ್ಟಲ್ ಫ್ರಿಯರರು ಅರ್ಧ ಆಣೆಯ ದುಂಡನೆಯ ಚೀಟಿಗಳನ್ನು ಜಾರಿಗೆ ತಂದರು. ಕೆಂಪು ಅರಗಿನಿಂದ ಮಾಡಿದವು ಬಿರಿದು ಪುಡಿಯಾಗುತ್ತಿದ್ದುದರಿಂದ ಇಂದು ಅವು ಅತ್ಯಂತ ವಿರಳ. ೧೮೫೪ರ ಅಕ್ಟೋಬರದಿಂದ ಇಡೀ ದೇಶಕ್ಕೆ ಅನ್ವಯಿಸುವ ಚೀಟಿಗಳು ಬಂದುವು. ದೂರದ ಲೆಕ್ಕವಿಲ್ಲದೆ ಕಾಲು ತೊಲ ತೂಕದ ಪತ್ರಕ್ಕೆ ಅರ್ಧ ಆಣೆ ಎಂದಾಯಿತು. ಅದರಲ್ಲಿ ನಾಲ್ಕು ಆಣೆಯ ಚೀಟಿಯನ್ನು ಕೆಂಪು, ನೀಲಿ ಎರಡು ಬಣ್ಣಗಳಲ್ಲಿ ಎರಡು ಸಲ ಅಚ್ಚೊತ್ತಬೇಕಾಗಿತ್ತು. ಕಲ್ಕತ್ತೆಯಲ್ಲಿ ಹೀಗೆ ಅಚ್ಚು ಮಾಡುವಾಗ ಹಾಳೆ ತಿರುವುಮುರುವಾಗಿ, ರಾಣಿಯ ತಲೆ ಕೆಳಗಾದ ಕೆಲವು ಚೀಟಿಗಳು ಹೊರಬಿದ್ದುವು. ಸುಮಾರು ಮೂವತ್ತರಷ್ಟು ಮಾತ್ರ ಉಳಿದಿರುವ ಅವು ಭಾರತದ ಚೀಟಿಗಳಲ್ಲಿ ಪರಮ ದುರ್ಲಭವಾದವುಗಳ ಸಾಲಿಗೆ ಸೇರಿವೆ.

ದೇಶದೇಶಗಳ ನಡುವಣ ಹಾಸಲಿನ ಗೋಜಲನ್ನು ಬಿಡಿಸಿದ್ದು ೧೮೭೪ರ ಅಕ್ಟೋಬರ್ ೯ರಂದು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಇಪ್ಪತ್ತೆರಡು ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆ. ಅಂಚೆಯ ಮಟ್ಟಿಗೆ ಸದಸ್ಯ ರಾಷ್ಟ್ರಗಳೆಲ್ಲ ಒಂದೇ ನಾಡೆಂದು ಎಣಿಸತಕ್ಕದ್ದು, ತಾನು ವಸೂಲು ಮಾಡಿದ ಹಾಸಲನ್ನು ಆಯಾ ರಾಷ್ಟ್ರವೇ ಇಟ್ಟುಕೊಳ್ಳತಕ್ಕದ್ದು ಎಂದು ಗೊತ್ತಾಯಿತು. ೧೮೭೬ರಲ್ಲಿ ಭಾರತವೂ ಅದನ್ನು ಸೇರಿತು. ಅಕ್ಟೋಬರ್ ೯ನ್ನು ವಿಶ್ವ ಅಂಚೆ ದಿನವೆಂದು ಆಚರಿಸುವುದು ಈ ಕಾರಣದಿಂದಲೇ.

ಪತ್ರ ಬರೆಯಲಾರದವರು

ಇಷ್ಟೆಲ್ಲ ಹೇಳಿದ ಬಳಿಕ ಒಂದು ಮಾತನ್ನು ಹೇಳದೆ ಬಿಟ್ಟರೆ ಈ ವೃತ್ತಾಂತ ಅರ್ಧವಾಗುತ್ತದೆ. ಆ ಸಾವಿರ ಚೀಟಿಗಳು ಅಚ್ಚಾಗುತ್ತಿದ್ದ ದ್ವೀಪದಲ್ಲಿಯೇ ಆಗ ನಮ್ಮ ದೇಶದ ಸಹಸ್ರಾರು ಮಂದಿ ಇದ್ದರು. ೧೮೩೪ರಿಂದ ಮೊದಲ್ಗೊಂಡು ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಸುಮಾರು ಐದು ಲಕ್ಷ ಜನ ಕರಾರಿನ ಕೂಲಿಗಳಾಗಿ ಬಿಹಾರ, ತಮಿಳುನಾಡು, ಆಂಧ್ರ, ಮಹಾರಾಷ್ಟ್ರ ಸೀಮೆಗಳಿಂದ ಅಲ್ಲಿಯ ಕಬ್ಬಿನ ತೋಟಗಳಿಗೆ ಹೋದರು. ಆರಂಭದ ಕರಾರಿನಂತೆ ಅವರಿಗೆ ತಿಂಗಳಿಗೆ ಸಿಗುತ್ತಿದ್ದುದು ಐದು ರೂಪಾಯಿ. ಅವರಲ್ಲಿ ಬಹುಮಂದಿಗೆ ಅಕ್ಷರ ಬಾರದು; ಕರಾರುಪತ್ರಕ್ಕೂ ಸಹಿಯ ಬದಲು ಗುರುತು ಹಾಕಿದ್ದರು. ಅವರು ಬಂದಿಳಿದ ಪೋರ್ಟ್ ಲೂಯಿಯ ಆಪ್ರವಾಸಿ ಘಾಟ್ ಎಂಬ ಸ್ಥಳವನ್ನು ೨೦೦೬ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಅದೇ ಊರಿನ ಬ್ಲೂ ಪೆನ್ನಿ ವಸ್ತುಸಂಗ್ರಹಾಲಯದಲ್ಲಿ, ದ್ವೀಪದವರೇ ೧೯೯೩ರಲ್ಲಿ ಕೊಂಡು ತಂದ ಒಂದು ಕೆಂಪು, ಒಂದು ನೀಲಿ ಚೀಟಿಗಳಿವೆ. ಬೆಳಕಿಗೆ ಬಣ್ಣ ಮಾಸದಿರಲೆಂದು ಅವನ್ನು ದಿನದಲ್ಲಿ ಗೊತ್ತಾದ ಕೆಲವೇ ನಿಮಿಷಗಳ ಕಾಲ ತೋರಿಸುತ್ತಾರೆ. ವ್ಯಾಪಾರಿಯ ಪತ್ರ ಉಳಿಯಿತು, ಗವರ್ನರರ ಆಮಂತ್ರಣ ಉಳಿಯಿತು; ತೋಟದಲ್ಲಿ ದುಡಿದವನು ತಾಯಿಗೆ ಹೇಳಬೇಕೆಂದಿದ್ದ ಮಾತು ಮಾತ್ರ ಬಹುತೇಕ ಕಾಗದಕ್ಕೆ ಇಳಿಯಲೇ ಇಲ್ಲ. ಅಕ್ಷರದ ಬೆಲೆ ಏನೆಂಬುದಕ್ಕೆ ಶಾಲೆಯವನಾದ ನಾನು ಬೇರೆ ದೃಷ್ಟಾಂತವನ್ನು ಹುಡುಕುವುದಿಲ್ಲ.

ವಿದ್ಯಾರ್ಥಿಗಳಲ್ಲಿಯೂ ಪೋಷಕರಲ್ಲಿಯೂ ವಿಜ್ಞಾಪನೆ

ನಮ್ಮ ಮನೆಗಳ ಅಟ್ಟದಲ್ಲಿಯೂ ಹಳೆಯ ಪೆಟ್ಟಿಗೆಗಳಲ್ಲಿಯೂ ತಂತಿಗೆ ಪೋಣಿಸಿದ ಕಾಗದಗಳು ಇರಬಹುದು. ಅವುಗಳಲ್ಲಿ ಕೋಟಿ ಬೆಲೆಯ ಚೀಟಿ ಇರುತ್ತದೆಂದು ನಾನು ಆಸೆ ಹುಟ್ಟಿಸುವುದಿಲ್ಲ, ಹೆಚ್ಚಿನಂಶ ಇರಲಾರದು. ಆದರೆ ಗಡಿನಾಡಿನ ನಮಗೆ ಆ ಕಾಗದಗಳ ಬೆಲೆ ಬೇರೆಯೇ ಒಂದಿದೆ. ಕಚೇರಿಯ ಭಾಷೆ ಒಂದು, ಪೇಟೆಯ ಭಾಷೆ ಇನ್ನೊಂದು ಆಗಿರುವಾಗ, ಈ ನೆಲದಲ್ಲಿ ನಮ್ಮ ಹಿರಿಯರು ಮದುವೆಯ ಮಾತನ್ನೂ ಸಾಲದ ಲೆಕ್ಕವನ್ನೂ ಮಳೆಬೆಳೆಯ ಸುದ್ದಿಯನ್ನೂ ಕನ್ನಡದಲ್ಲಿಯೇ ಬರೆದುಕೊಳ್ಳುತ್ತಿದ್ದರೆಂಬುದಕ್ಕೆ ಊರಿನ ಹೆಸರು, ತಾರೀಖು, ಮೊಹರು ಸಹಿತವಾದ ಸಾಕ್ಷಿ ಅವೇ. ಆದುದರಿಂದ ಕೆಲವು ಸೂಚನೆಗಳನ್ನು ಪಾಲಿಸಬೇಕೆಂದು ಕೋರುತ್ತೇನೆ.

ಹಳೆಯ ಲಕೋಟೆಯಿಂದಾಗಲಿ ಕಾರ್ಡಿನಿಂದಾಗಲಿ ಚೀಟಿಯನ್ನು ಕತ್ತರಿಸಬಾರದು, ನೀರಿನಲ್ಲಿ ನೆನೆಸಿ ಕೀಳಲೂ ಬಾರದು. ಚೀಟಿ, ಮೊಹರು, ವಿಳಾಸ ಮೂರೂ ಒಟ್ಟಿಗಿದ್ದರೆ ಮಾತ್ರ ಪತ್ರದ ಪ್ರಯಾಣವನ್ನು ಓದಬಹುದು. ಬೋರ್ಡೋ ಪತ್ರಕ್ಕೆ ಅಷ್ಟು ಬೆಲೆ ಬಂದದ್ದೂ ಇದರಿಂದಲೇ. ಹರಿದ ಕಾಗದಕ್ಕೆ ಅಂಟುಪಟ್ಟಿ ಹಚ್ಚಬಾರದು. ಕಾಲಕ್ರಮದಲ್ಲಿ ಅದು ಕಂದುಬಣ್ಣದ ಕಲೆಯನ್ನುಂಟುಮಾಡುತ್ತದೆ. ಬಿಸಿಲೂ ತೇವವೂ ತಾಕದ ಕಡೆ, ಶುದ್ಧವಾದ ಕಾಗದದ ಲಕೋಟೆಗಳಲ್ಲಿ ಇರಿಸತಕ್ಕದ್ದು. ಮಳೆಗಾಲ ಕಳೆದ ಮೇಲೆ ಒಮ್ಮೆ ತೆಗೆದು ನೋಡತಕ್ಕದ್ದು. ಒಳಗಿನ ಒಕ್ಕಣೆಯನ್ನು ಮನೆಯ ಹಿರಿಯರ ಅನುಮತಿಯಿಲ್ಲದೆ ಓದಬಾರದು. ಹಿರಿಯರು ಒಪ್ಪಿದಲ್ಲಿ, ಬರೆದವರು ಯಾರು, ಯಾರಿಗೆ, ಯಾವ ಊರಿನಿಂದ ಎಂಬುದನ್ನು ಅವರಿಂದಲೇ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡತಕ್ಕದ್ದು. ಆ ಹೆಸರುಗಳನ್ನು ಬಲ್ಲವರು ತೀರಿಕೊಂಡ ಬಳಿಕ ಕೇಳಲು ಯಾರೂ ಉಳಿಯುವುದಿಲ್ಲ.

ಚೀಟಿಸಂಗ್ರಹದಲ್ಲಿ ಆಸಕ್ತಿಯುಳ್ಳ ಮಕ್ಕಳಿಗೆ ಹೆಚ್ಚಿನ ಹಣ ಬೇಕಾಗಿಲ್ಲ. ಮನೆಗೆ ಬರುವ ಲಕೋಟೆಗಳಿಂದಲೇ ಆರಂಭಿಸಬಹುದು. ಆರರಿಂದ ಒಂಬತ್ತನೆಯ ತರಗತಿಯವರೆಗಿನ ಸಂಗ್ರಾಹಕ ವಿದ್ಯಾರ್ಥಿಗಳಿಗಾಗಿ ಭಾರತೀಯ ಅಂಚೆ ಇಲಾಖೆಯು ೨೦೧೭ರಲ್ಲಿ 'ದೀನ್ ದಯಾಳ್ ಸ್ಪರ್ಶ' ಎಂಬ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಅದರ ನಿಯಮಗಳನ್ನು ಪ್ರಧಾನ ಅಂಚೆಕಚೇರಿಯಲ್ಲಿ ಪೋಷಕರು ವಿಚಾರಿಸಿ ತಿಳಿಯಬಹುದು. ದುಬಾರಿ ಚೀಟಿಗಳನ್ನು ಕೊಳ್ಳುವ ಗೋಜಿಗೆ ಮಾತ್ರ ಹೋಗಬಾರದು. ಪ್ರಸಿದ್ಧ ಚೀಟಿಗಳಿಗೆಲ್ಲ ನಕಲಿಗಳು ಬೇಕಾದಷ್ಟಿವೆ.

ಕೊನೆಯದಾಗಿ ಒಂದು ಕೆಲಸ. ಈ ರಜೆಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಅಜ್ಜನಿಗೋ ಅಜ್ಜಿಗೋ ದೂರದ ಊರಿನ ಸೋದರಮಾವನಿಗೋ ಕೈಬರಹದಲ್ಲಿ ಒಂದು ಕನ್ನಡ ಪತ್ರವನ್ನು ಬರೆಯಬೇಕು. ಮೇಲೆ ಊರು, ತಾರೀಖು, ಕ್ಷೇಮಸಮಾಚಾರ, ಓದಿನ ವಿಷಯ, ಕೆಳಗೆ ಸಹಿ. ಚೀಟಿಯನ್ನು ನೆಟ್ಟಗೆ ಅಂಟಿಸಿ, ಪೂರ್ಣ ವಿಳಾಸವನ್ನು ಬರೆದು ಪೆಟ್ಟಿಗೆಗೆ ಹಾಕಬೇಕು. ಜವಾಬು ಬಂದರೆ ಅದನ್ನು ಲಕೋಟೆಯ ಸಮೇತ ಜೋಪಾನವಾಗಿ ಇಟ್ಟುಕೊಂಡು, ಶಾಲೆ ತೆರೆದ ಮೇಲೆ ತರಗತಿಗೆ ತರಬೇಕು.